ತಪ್ಪು ಎಲ್ಲಿದೆ ಅಂತ ಕೇಳಿದ ಹ್ಯಾಮಿಂಗ್

ಹೋದ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಮನೆಯ ಹಳೇ ಡೆಸ್ಕ್‌ಟಾಪ್ ನನಗೋಸ್ಕರವೇ ಕಾಯ್ತಾ ಕೂತಿತ್ತು. ಇಂಜಿನಿಯರಿಂಗ್ ಓದೋ ಮಗ ಬಂದ್ರೆ ಸರಿ ಮಾಡ್ತಾನೆ ಅಂತ ಅಪ್ಪ ಅದನ್ನ ಹಾಗೇ ಬಿಟ್ಟಿದ್ದರು. ಆನ್ ಮಾಡಿ ಇಪ್ಪತ್ತು ನಿಮಿಷ ಆಗಿರಲಿಲ್ಲ, ಪರದೆ ನೀಲಿ! ಮೊದಲ ಸಲ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಬಂತು. ರೀಸ್ಟಾರ್ಟ್ ಮಾಡಿದೆ. ಎರಡನೇ ಸಲ ಪೇಜ್ ಫಾಲ್ಟ್ ಅಂತ ಏನೋ ಹೇಳಿತು. ಮೂರನೇ ಸಲ ಇನ್ನೇನೋ. ಪ್ರತಿ ಸಲವೂ ಬೇರೆ ಬೇರೆ ಹೆಸರು, ಆದರೆ ಕೊನೆ ಮಾತ್ರ ಒಂದೇ. ಏನೋ ತಪ್ಪಾಗಿದೆ, ನಾನು ನಿಲ್ಲಿಸ್ತೀನಿ ಅನ್ನೋದು.

ಏನೋ ತಪ್ಪಾಗಿದೆ ಅಂತ ಗೊತ್ತಾಗೋಷ್ಟು ಬುದ್ಧಿ ಇರೋ ಯಂತ್ರಕ್ಕೆ, ಆ ತಪ್ಪು ಎಲ್ಲಿದೆ ಅಂತ ಹೇಳೋಕೆ ಏನು ಕಷ್ಟ? ಸಿಟ್ಟಲ್ಲಿ ಈ ಪ್ರಶ್ನೆ ತಲೆಗೆ ಬಂದಾಗ ನಾನೇ ಮೊದಲು ಕೇಳ್ತಿರೋದು ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, 1947ರಲ್ಲೇ ಒಬ್ಬರು ಇದೇ ಸಿಟ್ಟಲ್ಲಿ ಇದೇ ಪ್ರಶ್ನೆ ಕೇಳಿದ್ದರು. ನಾನು ಕೇಳಿ ಸುಮ್ಮನಾದೆ, ಅವರು ಉತ್ತರ ಕಂಡುಹಿಡಿದರು. ಅವರ ಹೆಸರು ನಮಗೆಲ್ಲ ಗೊತ್ತು, ಪರೀಕ್ಷೆ ಹಿಂದಿನ ರಾತ್ರಿ ಬಾಯಿಪಾಠ ಮಾಡೋ ಹ್ಯಾಮಿಂಗ್ ಕೋಡ್, ಹ್ಯಾಮಿಂಗ್ ಡಿಸ್ಟೆನ್ಸ್, ಹ್ಯಾಮಿಂಗ್ ವಿಂಡೋ. ಆದರೆ ಆ ಮನುಷ್ಯ ಯಾರು ಅಂತ ನಾವು ಯಾವತ್ತೂ ಕೇಳಿಲ್ಲ.

ಇಂಜಿನಿಯರಿಂಗ್ ಸೀಟು ಸಿಗದ ಹುಡುಗ

ರಿಚರ್ಡ್ ವೆಸ್ಲಿ ಹ್ಯಾಮಿಂಗ್ ಹುಟ್ಟಿದ್ದು 1915ರ ಫೆಬ್ರವರಿ 11ರಂದು, ಅಮೆರಿಕದ ಶಿಕಾಗೋ ನಗರದಲ್ಲಿ. ಅವರಿಗೆ ಇಂಜಿನಿಯರ್ ಆಗಬೇಕು ಅಂತ ಆಸೆ ಇತ್ತು. ಆದರೆ ಕಾಲೇಜು ಸೇರೋ ವಯಸ್ಸಿಗೆ ಬಂದಾಗ ಅಮೆರಿಕ ಮಹಾ ಆರ್ಥಿಕ ಕುಸಿತದಲ್ಲಿ ಮುಳುಗಿತ್ತು. ಫೀಸ್ ಕಟ್ಟೋಕೆ ದುಡ್ಡಿಲ್ಲ. ಸಿಕ್ಕಿದ ವಿದ್ಯಾರ್ಥಿವೇತನ ಒಂದೇ, ಶಿಕಾಗೋ ವಿಶ್ವವಿದ್ಯಾಲಯದ್ದು. ಅಲ್ಲಿ ಇಂಜಿನಿಯರಿಂಗ್ ವಿಭಾಗವೇ ಇರಲಿಲ್ಲ! ಬೇರೆ ದಾರಿ ಇಲ್ಲದೆ ಗಣಿತ ತಗೊಂಡರು. ನಮ್ಮಲ್ಲಿ ಬೇಕಾದ ಬ್ರ್ಯಾಂಚ್ ಸಿಗದೆ ಮೊದಲ ವರ್ಷ ಪೂರ್ತಿ ಮುಖ ಊದಿಸ್ಕೊಂಡು ಓಡಾಡೋರು ಇದನ್ನ ಗಮನಿಸಬೇಕು. ಆವತ್ತು ಇಂಜಿನಿಯರಿಂಗ್ ಸಿಕ್ಕಿದ್ದರೆ ತಾವು ಮುಂದೆ ಮಾಡಿದ ಕೆಲಸ ಮಾಡ್ತಾ ಇರಲಿಲ್ಲ, ಗಣಿತಕ್ಕೆ ಬಂದಿದ್ದೇ ಒಳ್ಳೇದಾಯ್ತು ಅಂತ ಹ್ಯಾಮಿಂಗ್ ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ.

1937ರಲ್ಲಿ ಪದವಿ, 1939ರಲ್ಲಿ ನೆಬ್ರಾಸ್ಕಾದಲ್ಲಿ ಸ್ನಾತಕೋತ್ತರ ಪದವಿ, 1942ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ. ವಿಷಯ ಡಿಫರೆನ್ಷಿಯಲ್ ಈಕ್ವೇಶನ್, ಕಂಪ್ಯೂಟರಿಗೂ ಅದಕ್ಕೂ ನೇರ ಸಂಬಂಧ ಇಲ್ಲ. ಅದೇ ವರ್ಷ ಸಹಪಾಠಿ ವಾಂಡಾ ಲಿಟಲ್ ಅವರನ್ನ ಮದುವೆಯಾದರು. ಪಾಠ ಹೇಳ್ಕೊಂಡು ಶಾಂತವಾಗಿ ಕಳೆಯಬಹುದಾಗಿದ್ದ ಬದುಕು ಅದು. ಆದರೆ ಯುದ್ಧ ನಡೀತಾ ಇತ್ತು.

ಲಾಸ್ ಅಲಮೋಸ್‌ನ ಲೆಕ್ಕ

1945ರ ಏಪ್ರಿಲ್‌ನಲ್ಲಿ ಹ್ಯಾಮಿಂಗ್ ನ್ಯೂ ಮೆಕ್ಸಿಕೋದ ಲಾಸ್ ಅಲಮೋಸ್‌ಗೆ ಹೋದರು. ಅಲ್ಲಿ ಅಣುಬಾಂಬ್ ತಯಾರಾಗ್ತಾ ಇತ್ತು. ಭೌತವಿಜ್ಞಾನಿಗಳು ಸಮೀಕರಣ ಬರೆದುಕೊಡ್ತಿದ್ದರು, ಐಬಿಎಂ ಲೆಕ್ಕದ ಯಂತ್ರಗಳಲ್ಲಿ ಅದನ್ನ ಓಡಿಸಿ ಉತ್ತರ ತೆಗೆಯೋ ಕೆಲಸ ಹ್ಯಾಮಿಂಗ್ ಅವರದ್ದು. ತಮ್ಮನ್ನ ತಾವು ಕಂಪ್ಯೂಟರಿನ ಕಸ ಗುಡಿಸೋನು ಅಂತ ತಮಾಷೆಗೆ ಕರ್ಕೊಳ್ತಿದ್ದರು. ಹೆಂಡತಿ ವಾಂಡಾ ಕೂಡ ಅಲ್ಲೇ ಕೈಯಲ್ಲಿ ಲೆಕ್ಕ ಮಾಡೋ ಕೆಲಸಕ್ಕೆ ಸೇರಿದರು.

ಮೊದಲ ಬಾಂಬ್ ಪರೀಕ್ಷೆಗೆ ಸ್ವಲ್ಪ ದಿನ ಇದ್ದಾಗ ಒಬ್ಬರು ಬಂದು ಒಂದಿಷ್ಟು ಲೆಕ್ಕ ಸರಿ ಇದೆಯಾ ನೋಡಿ ಅಂತ ಹ್ಯಾಮಿಂಗ್ ಕೈಗೆ ಕೊಟ್ಟರು. ಏನು ಲೆಕ್ಕ ಅಂತ ಕೇಳಿದ್ರೆ, ಬಾಂಬ್ ಸಿಡಿದಾಗ ಭೂಮಿಯ ವಾತಾವರಣಕ್ಕೇ ಬೆಂಕಿ ಹೊತ್ತಿಕೊಳ್ಳೋ ಸಾಧ್ಯತೆ ಎಷ್ಟು ಅನ್ನೋ ಲೆಕ್ಕ! ಹ್ಯಾಮಿಂಗ್ ಕೂತು ನೋಡಿದರು. ಕೂಡಿಸೋದು ಗುಣಿಸೋದೆಲ್ಲ ಸರಿ ಇತ್ತು. ಆದರೆ ಒಳಗೆ ಹಾಕಿದ ಸಂಖ್ಯೆಗಳು ಸರಿಯೋ ಇಲ್ಲವೋ ಅಂತ ಹೇಳೋಕೆ ಅವರ ಹತ್ತಿರ ಯಾವ ದಾರಿಯೂ ಇರಲಿಲ್ಲ, ಯಾಕಂದ್ರೆ ಅಷ್ಟು ಶಕ್ತಿಯ ಪ್ರಯೋಗವನ್ನ ಅಲ್ಲಿವರೆಗೆ ಯಾರೂ ಮಾಡಿರಲಿಲ್ಲ. ಲೆಕ್ಕ ಮಾತ್ರ ನೋಡಿ, ಭೌತಶಾಸ್ತ್ರ ನಮಗೆ ಬಿಡಿ ಅಂತ ಉತ್ತರ ಬಂತು. ಈ ವಿಷಯ ಕೇಳಿದ ಗೆಳೆಯರೊಬ್ಬರು, ತಪ್ಪಾದ್ರೂ ನಿನ್ನನ್ನ ಬೈಯೋಕೆ ಯಾರೂ ಉಳಿದಿರಲ್ಲ ಬಿಡು ಅಂತ ಸಮಾಧಾನ ಮಾಡಿದರಂತೆ.

1945ರ ಜುಲೈ 16ರಂದು ಪರೀಕ್ಷೆ ನಡೆಯಿತು, ವಾತಾವರಣಕ್ಕೆ ಏನೂ ಆಗಲಿಲ್ಲ. ಆದರೆ ಆ ಲೆಕ್ಕ ಹ್ಯಾಮಿಂಗ್ ತಲೆಯಿಂದ ಹೋಗಲಿಲ್ಲ, ಜೀವನದ ಕೊನೇ ವರ್ಷಗಳಲ್ಲೂ ಅದರ ಬಗ್ಗೆ ಬರೆದಿದ್ದಾರೆ. ಯಂತ್ರ ಕೊಟ್ಟ ಉತ್ತರವನ್ನ ಎಷ್ಟು ನಂಬಬಹುದು ಅನ್ನೋದು ಅವರಿಗೆ ಪುಸ್ತಕದ ಪ್ರಶ್ನೆ ಆಗಿರಲಿಲ್ಲ.

ಎರಡು ವಾರಾಂತ್ಯ ಹಾಳಾದ ಕಥೆ

1946ರಲ್ಲಿ ಹ್ಯಾಮಿಂಗ್ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್ ಸೇರಿದರು. ಆ ಪ್ರಯಾಣಕ್ಕೆ ಲಾಸ್ ಅಲಮೋಸ್‌ನ ಸಹೋದ್ಯೋಗಿ ಕ್ಲಾಸ್ ಫುಕ್ಸ್ ಅವರ ಹಳೇ ಕಾರನ್ನ ಕೊಂಡುಕೊಂಡಿದ್ದರು. ಕೆಲವು ವರ್ಷ ಓಡಿಸಿ ಅದನ್ನ ಮಾರಿ ಸ್ವಲ್ಪ ವಾರಕ್ಕೇ ಫುಕ್ಸ್ ಸೋವಿಯತ್ ಗೂಢಚಾರ ಅಂತ ಬಯಲಾಯಿತು. ಕಾರು ಮಾರಿದ ಸಮಯ ನೋಡಿ ಅನುಮಾನ ಬಂದ ಎಫ್‌ಬಿಐ ಹ್ಯಾಮಿಂಗ್ ಅವರನ್ನೂ ವಿಚಾರಣೆ ಮಾಡಿತು!

ಬೆಲ್ ಲ್ಯಾಬ್ಸ್ ಆಗ ಹೇಗಿತ್ತು ಅಂದ್ರೆ ನಮ್ಮ ಸಿಲಬಸ್ಸೇ ಅಲ್ಲಿ ಓಡಾಡ್ತಾ ಇತ್ತು. ಸ್ವಲ್ಪ ಕಾಲ ಹ್ಯಾಮಿಂಗ್ ಜೊತೆ ಒಂದೇ ಕೋಣೆಯಲ್ಲಿ ಕೂತಿದ್ದವರು ಇನ್ಫರ್ಮೇಶನ್ ಥಿಯರಿಯ ಕ್ಲಾಡ್ ಶಾನನ್. ಎಫ್‌ಎಫ್‌ಟಿಯ ಜಾನ್ ಟ್ಯೂಕಿ ಅಲ್ಲೇ. ಬೋಡೆ ಪ್ಲಾಟ್‌ನ ಹೆಂಡ್ರಿಕ್ ಬೋಡೆ ಅಲ್ಲೇ. 1947ರ ಡಿಸೆಂಬರ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ್ದೂ ಅಲ್ಲೇ.

ಆದರೆ ಕಂಪ್ಯೂಟರ್ ಮಾತ್ರ ಇನ್ನೂ ರಿಲೇ ಕಾಲದ್ದು. ಮಾಡೆಲ್ 5 ಅನ್ನೋ ಆ ಯಂತ್ರದಲ್ಲಿ 9000ಕ್ಕೂ ಹೆಚ್ಚು ರಿಲೇಗಳು. ತೂತು ಹೊಡೆದ ಕಾಗದದ ಟೇಪಿನಲ್ಲಿ ಪ್ರಶ್ನೆ ಕೊಟ್ಟರೆ ಕಟಕಟ ಅಂತ ಸದ್ದು ಮಾಡ್ತಾ ಲೆಕ್ಕ ಮಾಡ್ತಿತ್ತು. ಒಂದು ಒಳ್ಳೇ ಗುಣ ಅಂದ್ರೆ ತನ್ನ ತಪ್ಪನ್ನ ತಾನೇ ಹಿಡೀತಿತ್ತು. ಪ್ರತಿ ಅಂಕಿಯಲ್ಲೂ ಇಷ್ಟೇ ರಿಲೇ ಆನ್ ಆಗಿರಬೇಕು ಅಂತ ನಿಯಮ ಇತ್ತು, ಒಂದು ಹೆಚ್ಚು ಕಮ್ಮಿ ಆದ್ರೆ ಏನೋ ಎಡವಟ್ಟಾಗಿದೆ ಅಂತ ಅದಕ್ಕೆ ಗೊತ್ತಾಗ್ತಿತ್ತು. ಹಗಲಲ್ಲಿ ಹಾಗಾದಾಗ ದೀಪ ಮಿನುಗಿ ಆಪರೇಟರ್ ಬಂದು ಸರಿಮಾಡ್ತಿದ್ದರು. ರಾತ್ರಿ ಮತ್ತು ವಾರಾಂತ್ಯದಲ್ಲಿ ಯಾರೂ ಇರ್ತಿರಲಿಲ್ಲ. ಆಗ ಯಂತ್ರ ಆ ಕೆಲಸವನ್ನ ಅಲ್ಲಿಗೇ ಕೈಬಿಟ್ಟು ಮುಂದಿನವರ ಕೆಲಸಕ್ಕೆ ಹೋಗ್ತಿತ್ತು.

ಹ್ಯಾಮಿಂಗ್‌ಗೆ ಆ ಯಂತ್ರ ಸಿಗ್ತಿದ್ದದ್ದು ವಾರಾಂತ್ಯದಲ್ಲಿ ಮಾತ್ರ. ಶುಕ್ರವಾರ ಟೇಪ್ ಹಾಕಿ ಹೋಗಿ ಸೋಮವಾರ ಬಂದು ನೋಡಿದರೆ ಉತ್ತರ ಇಲ್ಲ, ಮಧ್ಯದಲ್ಲಿ ಎಲ್ಲೋ ತಪ್ಪು ಬಂದು ಕೆಲಸ ಹೊರಗೆ ಬಿದ್ದಿದೆ. ಹೋಗಲಿ ಅಂತ ಮುಂದಿನ ವಾರಾಂತ್ಯ ಮತ್ತೆ ಹಾಕಿದರು. ಮತ್ತೆ ಅದೇ ಕಥೆ. ಉತ್ತರಕ್ಕೆ ಕಾಯ್ತಿದ್ದವರಿಗೆ ಏನು ಹೇಳೋದು? ಆಗ ಬಂದದ್ದೇ ಆ ಸಿಟ್ಟು. ತಪ್ಪಾಗಿದೆ ಅಂತ ಯಂತ್ರಕ್ಕೆ ಗೊತ್ತಾಗುತ್ತೆ ಅಂದ್ರೆ, ಎಲ್ಲಿ ತಪ್ಪಾಗಿದೆ ಅಂತ ಯಾಕೆ ಗೊತ್ತಾಗಬಾರದು? ಜಾಗ ಗೊತ್ತಾದ್ರೆ ಆಯ್ತು, ಬಿಟ್ ಅನ್ನೋದು 0 ಅಥವಾ 1 ತಾನೇ, ಅದನ್ನ ತಿರುಗಿಸಿದ್ರೆ ಸರಿಹೋಯ್ತು.

ಹಾಜರಿ ಪುಸ್ತಕದಿಂದ ಕೋಡ್‌ವರೆಗೆ

ಇದಕ್ಕೆ ಸುಲಭದ ಪರಿಹಾರ ಎಲ್ಲರಿಗೂ ಹೊಳೆಯುತ್ತೆ. ಪ್ರತಿ ಬಿಟ್ಟನ್ನೂ ಮೂರು ಸಲ ಬರೀಬೇಕು, ಎರಡು ಮತ ಬಿದ್ದದ್ದು ಸರಿ. ಆದರೆ ಯಂತ್ರ ಮೂರು ಪಟ್ಟು ದೊಡ್ಡದಾಗುತ್ತೆ. ಹ್ಯಾಮಿಂಗ್‌ಗೆ ಅದು ಬೇಡವಾಗಿತ್ತು.

ನಮ್ಮ ಹಾಜರಿ ಪುಸ್ತಕ ನೆನಪು ಮಾಡ್ಕೊಳ್ಳಿ. ಅಡ್ಡ ಸಾಲಿಗೆ ಒಂದು ಮೊತ್ತ, ಕೆಳಗೆ ಪ್ರತಿ ದಿನಕ್ಕೆ ಒಂದು ಮೊತ್ತ. ಎಲ್ಲೋ ಒಂದು ಕಡೆ ಗುರುತು ತಪ್ಪಾದ್ರೆ ಒಂದು ಅಡ್ಡ ಮೊತ್ತ ತಾಳೆ ಆಗಲ್ಲ, ಒಂದು ಕೆಳಗಿನ ಮೊತ್ತ ತಾಳೆ ಆಗಲ್ಲ. ಎರಡೂ ಸೇರೋ ಮನೆಯಲ್ಲೇ ತಪ್ಪು ಇದೆ. ಹ್ಯಾಮಿಂಗ್ ಬಿಟ್‌ಗಳನ್ನ ಹೀಗೇ ಆಯತದಲ್ಲಿ ಜೋಡಿಸಿ ನೋಡಿದರು. ಆಮೇಲೆ ಘನಾಕೃತಿಯಲ್ಲಿ ಜೋಡಿಸಿದ್ರೆ ಇನ್ನೂ ಕಮ್ಮಿ ಮೊತ್ತ ಸಾಕು ಅಂತ ಕಂಡಿತು. ಹಾಗಾದ್ರೆ ನಾಲ್ಕು ಆಯಾಮ, ಐದು ಆಯಾಮ? ಹೀಗೆ ಹೋಗ್ತಾ ಹೋಗ್ತಾ ಕೊನೆಗೆ ಸಿಕ್ಕಿದ್ದು ಒಂದು ಚಂದದ ವಿಷಯ. ತಪಾಸಣೆಗಳ ಫಲಿತಾಂಶವನ್ನೇ ಒಂದು ಬೈನರಿ ಸಂಖ್ಯೆ ಅಂತ ಓದಿದರೆ ಅದೇ ತಪ್ಪಿನ ವಿಳಾಸ ಆಗಬೇಕು.

ನಾವು ಓದೋ 7,4 ಕೋಡ್ ಅದೇ. ನಾಲ್ಕು ಡೇಟಾ ಬಿಟ್, ಮೂರು ಪ್ಯಾರಿಟಿ ಬಿಟ್. 1, 2, 4ನೇ ಜಾಗ ಪ್ಯಾರಿಟಿಗೆ, ಉಳಿದದ್ದು ಡೇಟಾಗೆ. 1011 ಅನ್ನೋ ಡೇಟಾ ಈ ಕೋಡ್‌ನಲ್ಲಿ 0110011 ಆಗುತ್ತೆ. ದಾರಿಯಲ್ಲಿ 6ನೇ ಬಿಟ್ ತಿರುಗಿ 0110001 ಆಯ್ತು ಅಂದ್ಕೊಳ್ಳಿ. ಈಗ 1, 3, 5, 7ನೇ ಜಾಗಗಳಲ್ಲಿರೋ ಒಂದುಗಳನ್ನ ಎಣಿಸಿ, ಎರಡು ಇದೆ, ಸಮ ಸಂಖ್ಯೆ, ಸರಿ. 2, 3, 6, 7ನೇ ಜಾಗಗಳಲ್ಲಿ ಮೂರು ಇದೆ, ತಪ್ಪು. 4, 5, 6, 7ನೇ ಜಾಗಗಳಲ್ಲಿ ಒಂದೇ ಇದೆ, ತಪ್ಪು. ತಪ್ಪಾದ ತಪಾಸಣೆಗಳ ಬೆಲೆ 4 ಮತ್ತು 2, ಕೂಡಿಸಿ, 6. ತಪ್ಪು 6ನೇ ಬಿಟ್‌ನಲ್ಲಿದೆ! ಪರೀಕ್ಷೆಯಲ್ಲಿ ಇದನ್ನ ಎಷ್ಟೋ ಸಲ ಮಾಡಿದ್ದೀನಿ, ಆದರೆ ಇದು ಎರಡು ವಾರಾಂತ್ಯದ ಸಿಟ್ಟಿಗೆ ಬಂದ ಉತ್ತರ ಅಂತ ಗೊತ್ತಿದ್ದಿದ್ರೆ ಬಾಯಿಪಾಠ ಮಾಡಬೇಕಾಗಿರಲಿಲ್ಲ.

ಹ್ಯಾಮಿಂಗ್ ಡಿಸ್ಟೆನ್ಸ್ ಕೂಡ ಇಲ್ಲಿಂದಲೇ ಬಂದದ್ದು. ಮನೆ ಅಂತ ಬರೆಯೋಕೆ ಹೋಗಿ ಒಂದಕ್ಷರ ತಪ್ಪಿ ಮಳೆ ಅಂತ ಬರೆದರೆ ಓದೋರಿಗೆ ತಪ್ಪು ಅಂತಲೇ ಗೊತ್ತಾಗಲ್ಲ, ಎರಡೂ ಸರಿಯಾದ ಪದಗಳೇ. ಅದೇ ಬೆಂಗಳೂರು ಅನ್ನೋದನ್ನ ಬೆಂಗಲೂರು ಅಂತ ಬರೆದರೆ ತಪ್ಪೂ ಗೊತ್ತಾಗುತ್ತೆ, ಸರಿ ಯಾವುದು ಅಂತಲೂ ಗೊತ್ತಾಗುತ್ತೆ, ಯಾಕಂದ್ರೆ ಅದರ ಅಕ್ಕಪಕ್ಕ ಬೇರೆ ಪದ ಇಲ್ಲ. ಸರಿಯಾದ ಪದಗಳ ಮಧ್ಯೆ ಸಾಕಷ್ಟು ದೂರ ಇಟ್ಟರೆ ಒಂದು ಹೆಜ್ಜೆ ತಪ್ಪಿದರೂ ವಾಪಸ್ ಮನೆಗೆ ಬರಬಹುದು. ಆ ದೂರ ಕನಿಷ್ಠ 3 ಇದ್ದರೆ ಒಂದು ಬಿಟ್ ತಪ್ಪನ್ನ ತಿದ್ದಬಹುದು.

ಪೇಟೆಂಟ್ ಕೆಲಸ ಮುಗಿಯೋವರೆಗೆ ಇದನ್ನ ಪ್ರಕಟಿಸೋಕೆ ಆಗಲಿಲ್ಲ. 1948ರಲ್ಲಿ ಶಾನನ್ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಹ್ಯಾಮಿಂಗ್ ಹೆಸರು ಹೇಳಿ ಒಂದು ಉದಾಹರಣೆ ಕೊಟ್ಟರು. 1949ರಲ್ಲಿ ಮಾರ್ಸೆಲ್ ಗೋಲೆ ಅನ್ನೋರು ತಮ್ಮ ಕೋಡ್ ಪ್ರಕಟಿಸಿಬಿಟ್ಟರು. ಹ್ಯಾಮಿಂಗ್ ಪ್ರಬಂಧ ಬೆಲ್ ಸಿಸ್ಟಮ್ ಪತ್ರಿಕೆಯಲ್ಲಿ ಬಂದದ್ದು 1950ರ ಏಪ್ರಿಲ್‌ನಲ್ಲಿ.

ಊಟದ ಮೇಜಿನ ಪ್ರಶ್ನೆ

ಹ್ಯಾಮಿಂಗ್ ಮೃದು ಮಾತಿನ ಮನುಷ್ಯ ಆಗಿರಲಿಲ್ಲ. ಬೆಲ್ ಲ್ಯಾಬ್ಸ್ ಕ್ಯಾಂಟೀನಿನಲ್ಲಿ ರಸಾಯನಶಾಸ್ತ್ರದವರ ಮೇಜಿಗೆ ಹೋಗಿ ಕೂತು, ನಿಮ್ಮ ಕ್ಷೇತ್ರದ ಮುಖ್ಯ ಸಮಸ್ಯೆಗಳು ಯಾವುವು ಅಂತ ಕೇಳ್ತಿದ್ದರು. ಸ್ವಲ್ಪ ದಿನ ಬಿಟ್ಟು, ನೀವು ಯಾವ ಮುಖ್ಯ ಸಮಸ್ಯೆ ಮೇಲೆ ಕೆಲಸ ಮಾಡ್ತಿದ್ದೀರಿ ಅಂದರು. ಕೊನೆಗೊಂದು ದಿನ, ಮಾಡ್ತಿರೋದು ಮುಖ್ಯ ಅಲ್ಲ ಅಂದ್ಮೇಲೆ ಅದನ್ನ ಯಾಕೆ ಮಾಡ್ತಿದ್ದೀರಿ ಅಂತ ಕೇಳಿದರು. ಅಲ್ಲಿಂದ ಮುಂದೆ ಆ ಮೇಜಿನಲ್ಲಿ ಅವರಿಗೆ ಸ್ವಾಗತ ಇರಲಿಲ್ಲ. ಆದರೆ ಅವರಲ್ಲಿ ಒಬ್ಬರು ಬೇಸಿಗೆಯೆಲ್ಲ ಅದೇ ಪ್ರಶ್ನೆ ಯೋಚಿಸಿ, ಆಮೇಲೆ ಹ್ಯಾಮಿಂಗ್‌ಗೆ ಧನ್ಯವಾದ ಹೇಳಿದರು. ಮುಂದೆ ಅವರು ವಿಭಾಗದ ಮುಖ್ಯಸ್ಥರೂ ಆದರು.

ಹೊಟ್ಟೆಕಿಚ್ಚೂ ಅವರಿಗೆ ಇತ್ತು. ಟ್ಯೂಕಿಗೆ ಅಷ್ಟೊಂದು ಹೇಗೆ ಗೊತ್ತು ಅಂತ ಒಂದು ದಿನ ಬೋಡೆ ಕೋಣೆಗೆ ಹೋಗಿ ಗೊಣಗಿದರು. ಟ್ಯೂಕಿ ಅಷ್ಟೇ ವರ್ಷ ಅಷ್ಟೇ ದುಡಿದಿದ್ರೆ ನಿನಗೂ ಗೊತ್ತಿರ್ತಿತ್ತು ಅನ್ನೋ ಅರ್ಥದ ಉತ್ತರ ಸಿಕ್ಕಿತು. ಹ್ಯಾಮಿಂಗ್ ಮೆಲ್ಲಗೆ ಹೊರಗೆ ಬಂದರು. ಇದನ್ನ ಮುಚ್ಚಿಡದೆ ತಾವೇ ಎಲ್ಲರಿಗೂ ಹೇಳಿದ್ದಾರೆ. ಶುಕ್ರವಾರ ಮಧ್ಯಾಹ್ನ ಊಟದ ನಂತರ ಸಣ್ಣಪುಟ್ಟ ಕೆಲಸ ಪಕ್ಕಕ್ಕಿಟ್ಟು, ಕಂಪ್ಯೂಟರ್ ಬಂದಿದ್ರಿಂದ ವಿಜ್ಞಾನ ಹೇಗೆ ಬದಲಾಗುತ್ತೆ ಅನ್ನೋ ತರಹದ ದೊಡ್ಡ ವಿಷಯಗಳನ್ನ ಮಾತ್ರ ಯೋಚಿಸೋ ಅಭ್ಯಾಸವನ್ನೂ ಮಾಡ್ಕೊಂಡರು.

1968ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಐಇಇಇ ಸಂಸ್ಥೆ ಅವರ ಹೆಸರಲ್ಲೇ ಒಂದು ಪದಕ ಶುರು ಮಾಡಿ, 1988ರಲ್ಲಿ ಮೊದಲನೆಯದನ್ನ ಅವರಿಗೇ ಕೊಟ್ಟಿತು. 1976ರಲ್ಲಿ ಬೆಲ್ ಲ್ಯಾಬ್ಸ್ ಬಿಟ್ಟು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರೋ ನೌಕಾಪಡೆಯ ಸ್ನಾತಕೋತ್ತರ ಕಾಲೇಜಿಗೆ ಪಾಠ ಮಾಡೋಕೆ ಹೋದರು. ಸಂಶೋಧನೆಗಿಂತ ಹೆಚ್ಚಾಗಿ, ಕಲಿಯೋದನ್ನ ಹೇಗೆ ಕಲಿಯಬೇಕು ಅಂತ ಹೇಳಿಕೊಟ್ಟರು. ಕೊನೇ ಪಾಠ 1997ರ ಡಿಸೆಂಬರ್‌ನಲ್ಲಿ. ಕೆಲವೇ ವಾರಗಳಲ್ಲಿ, 1998ರ ಜನವರಿ 7ರಂದು, ಹೃದಯಾಘಾತದಿಂದ ತೀರಿಕೊಂಡರು. 82 ವರ್ಷ ಆಗಿತ್ತು.

ನಮ್ಮ ಮನೆಯಲ್ಲಿ ಇಲ್ಲದ 8 ಬಿಟ್

ಅವರ ಕೆಲಸ ಈಗ ಎಲ್ಲಿದೆ? ಸರ್ವರ್‌ಗಳ ರ‍್ಯಾಮ್‌ನಲ್ಲಿದೆ. 64 ಬಿಟ್ ಡೇಟಾಗೆ 8 ಬಿಟ್ ಹೆಚ್ಚು ಸೇರಿಸಿ 72 ಬಿಟ್ ಇಡ್ತಾರೆ. ಒಂದು ಬಿಟ್ ತಿರುಗಿದರೆ ಯಾರಿಗೂ ಗೊತ್ತಾಗದ ಹಾಗೆ ತಿದ್ದುತ್ತೆ, ಎರಡು ತಿರುಗಿದರೆ ಎಚ್ಚರಿಕೆ ಕೊಡುತ್ತೆ. ಇದೇ ಇಸಿಸಿ ಮೆಮೊರಿ. ಬಿಟ್ ತಾನಾಗೇ ತಿರುಗುತ್ತಾ ಅಂತ ಕೇಳಬಹುದು. ಚಿಪ್ಪಿನ ಹೊದಿಕೆಯಲ್ಲಿದ್ದ ವಿಕಿರಣ ವಸ್ತುವಿನ ಅಂಶದಿಂದ ಆಲ್ಫಾ ಕಣ ಬಂದು ಬಿಟ್ ತಿರುಗಿಸುತ್ತೆ ಅಂತ 1970ರ ದಶಕದ ಕೊನೆಯಲ್ಲಿ ಇಂಟೆಲ್‌ನವರು ತೋರಿಸಿದ್ದರು. ಗೂಗಲ್ ತನ್ನ ಸರ್ವರ್‌ಗಳ ಮೇಲೆ ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ಸುಮಾರು ಮೂರನೇ ಒಂದು ಭಾಗ ಯಂತ್ರಗಳು ಇಂಥ ತಪ್ಪನ್ನ ಕಂಡಿದ್ದವು. ಅದರಲ್ಲಿ ಆಕಾಶದಿಂದ ಬಂದ ಕಣಕ್ಕಿಂತ ಹಾಳಾದ ರ‍್ಯಾಮ್‌ನ ಪಾತ್ರವೇ ದೊಡ್ಡದು ಅಂತ ಅವರಿಗೆ ಕಂಡಿತು.

ಮನೆ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಆ 8 ಬಿಟ್ ಇರಲ್ಲ, ದುಡ್ಡು ಉಳಿಸೋಕೆ. ಹಾಗಾಗಿ ಆ ಕೆಲಸ ನಾವೇ ಮಾಡಬೇಕು. ನಾನು ಮಾಡಿದ್ದು ಇಷ್ಟೇ. ಪ್ರತಿ ಸಲ ಬೇರೆ ಬೇರೆ ಹೆಸರಿನ ನೀಲಿ ಪರದೆ ಬಂದ್ರೆ ರ‍್ಯಾಮ್ ಮೇಲೆ ಅನುಮಾನ ಪಡಬೇಕು ಅಂತ ಓದಿದ್ದೆ. ಮೊದಲು ಬಯಾಸ್‌ಗೆ ಹೋಗಿ ರ‍್ಯಾಮ್ ವೇಗ ಹೆಚ್ಚಿಸೋ ಎಕ್ಸ್‌ಎಂಪಿ ಆಫ್ ಮಾಡಿದೆ, ಪ್ರಯೋಜನ ಆಗಲಿಲ್ಲ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್ ಹಾಕಿ ರಾತ್ರಿ ಮಲಗಿದೆ, ಬೆಳಿಗ್ಗೆ ಪರದೆ ತುಂಬ ಕೆಂಪು. ಆಮೇಲೆ ಪವರ್ ತೆಗೆದು ಎರಡು ಸ್ಟಿಕ್, ಎರಡು ಸ್ಲಾಟ್, ನಾಲ್ಕು ಪರೀಕ್ಷೆ. ಮೊದಲ ಸ್ಟಿಕ್ ಯಾವ ಸ್ಲಾಟ್‌ಗೆ ಹಾಕಿದ್ರೂ ಫೇಲ್, ಎರಡನೆಯದು ಯಾವುದಕ್ಕೆ ಹಾಕಿದ್ರೂ ಪಾಸ್. ತಪ್ಪು ಸ್ಲಾಟ್ ಜೊತೆ ಇರಲಿಲ್ಲ, ಸ್ಟಿಕ್ ಜೊತೆ ಓಡಾಡ್ತಾ ಇತ್ತು. ಪ್ರತಿ ಪರೀಕ್ಷೆಗೂ ಹೌದು ಅಥವಾ ಇಲ್ಲ ಅನ್ನೋ ಒಂದೇ ಉತ್ತರ, ಎಲ್ಲ ಸೇರಿಸಿದ್ರೆ ವಿಳಾಸ. 7,4 ಕೋಡ್ ಆವತ್ತು ನಿಜವಾಗಿ ಅರ್ಥ ಆಯ್ತು.

ಆದರೆ ಒಂದು ವಿಷಯಕ್ಕೆ ತಡವಾಗಿತ್ತು. ಅಕ್ಕನ ಮದುವೆ ಫೋಟೊಗಳನ್ನ ಅಪ್ಪ ಇದೇ ಕಂಪ್ಯೂಟರಿಗೆ ಹಾಕಿಕೊಂಡು ಕಾರ್ಡ್ ಅಳಿಸಿದ್ದರು. ತೆಗೆದು ನೋಡಿದರೆ ಕೆಲವು ಫೋಟೊ ಅರ್ಧ ಸರಿ, ಅರ್ಧ ಬೂದು. ನೀಲಿ ಪರದೆ ಬಂದಾಗ ಸಿಟ್ಟು ಬರುತ್ತೆ ನಿಜ, ಆದರೆ ಅದು ಕೊನೇಪಕ್ಷ ಹೇಳಿ ನಿಲ್ಲುತ್ತೆ. ಈ ಫೋಟೊಗಳು ಹಾಳಾದಾಗ ಯಾರೂ ಏನೂ ಹೇಳಲಿಲ್ಲ, ಕಾಪಿ ಆಯ್ತು ಅಂತಲೇ ತೋರಿಸಿತ್ತು. ಕೊನೆಗೆ ಚಿಕ್ಕಮ್ಮನ ಫೋನಿನಲ್ಲಿ ವಾಟ್ಸಾಪ್‌ಗೆ ಕಳಿಸಿದ್ದ ಸಣ್ಣ ಪ್ರತಿಗಳು ಸಿಕ್ಕವು. ಅಷ್ಟು ಸ್ಪಷ್ಟ ಇಲ್ಲ, ಆದರೆ ಅಜ್ಜಿ ಅಕ್ಕನ ಹಣೆಗೆ ಕುಂಕುಮ ಇಡೋ ಫೋಟೊ ಅದರಲ್ಲಿದೆ. ಅಜ್ಜಿ ಈಗಿಲ್ಲ.

ನಿಮ್ಮ ಮನೆ ಕಂಪ್ಯೂಟರ್ ಪದೇ ಪದೇ ನೀಲಿ ಆಗ್ತಾ ಇದ್ದರೆ ರೀಸ್ಟಾರ್ಟ್ ಮಾಡಿ ಸುಮ್ಮನಾಗಬೇಡಿ. ಅದರಿಂದ ಏನನ್ನೂ ಕಾಪಿ ಮಾಡಬೇಡಿ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಬ್ಯಾಕಪ್ ತಗೊಳ್ಳಿ. ಆಮೇಲೆ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ, ಸ್ಟಿಕ್ ಒಂದೊಂದಾಗಿ ತೆಗೆದು ಹಾಕಿ ನೋಡಿ. ತಪ್ಪಿದೆ ಅಂತ ಗೊತ್ತಾದ ಮೇಲೆ ಎಲ್ಲಿದೆ ಅಂತ ಕೇಳಬೇಕು, ಹ್ಯಾಮಿಂಗ್ ಮಾಡಿದ್ದು ಅದನ್ನೇ. ಮುಂದಿನ ಸಲ ಪರೀಕ್ಷೆಯಲ್ಲಿ ಹ್ಯಾಮಿಂಗ್ ಕೋಡ್ ಬಂದಾಗ, ಸೋಮವಾರ ಬೆಳಿಗ್ಗೆ ಖಾಲಿ ಯಂತ್ರದ ಮುಂದೆ ನಿಂತಿದ್ದ ಆ ಮನುಷ್ಯನನ್ನ ಒಮ್ಮೆ ನೆನೆಸ್ಕೊಳ್ಳಿ.